ಥರ್ಮಾಕೋಲು ಪೆಟ್ಟಿಗೆಯಲ್ಲಿ ಹುಲಿ

ಪೌರೋಹಿತ್ಯದಲ್ಲೇ ತಲೆ ನರೆತವನು ನಾನು. ತುಂಬಿದ ಕಲಶವನ್ನು ಕಿಕ್ಕಿರಿದ ಬಸ್ಸಿನಲ್ಲಿ ಒಂದು ಹನಿಯೂ ಚೆಲ್ಲದೆ ಒಯ್ದ ಖ್ಯಾತಿ ನನ್ನದು. ಅಂಥವನಿಗೆ ಒಂದು ಥರ್ಮಾಕೋಲು ಪೆಟ್ಟಿಗೆಯನ್ನು ಕಾರ್ಕಳದಿಂದ ಮಣಿಪಾಲಕ್ಕೆ ಮುಟ್ಟಿಸುವುದು ಯಾವ ಮಹಾ ಕೆಲಸ?

ಪೆಟ್ಟಿಗೆ ನನ್ನ ಮಗಳು ವೈದೇಹಿಯದು. ಅವಳು ಹುಲಿಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಹುಲಿಯನ್ನು ನೋಡಿ ಅಲ್ಲ, ಅದು ಕಾಡಿನಲ್ಲಿ ಬಿಟ್ಟುಹೋದ ಮಲವನ್ನು ನೋಡಿ! ನಾನು ಕಾರ್ಕಳದಲ್ಲಿ ಒಂದು ಗೃಹಪ್ರವೇಶ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದಾಗ, ಘಟ್ಟದ ತಪ್ಪಲಿನಿಂದ ಜೀಪಿನಲ್ಲಿ ಬಂದ ಅವಳು ಪೆಟ್ಟಿಗೆಯನ್ನು ನನ್ನ ಕೈಗಿತ್ತಳು.

"ಅಪ್ಪ, ಹುಲಿಗೆ ಎಷ್ಟು ಆತಂಕ ಉಂಟು ಅಂತ ಇದರಲ್ಲಿರುವ ಹಾರ್ಮೋನು ಹೇಳ್ತದೆ. ಐಸ್ ಕರಗಿದರೆ ಎಲ್ಲ ಹಾಳು. ಇಷ್ಟು ಸಿಗಲಿಕ್ಕೆ ವರ್ಷವಿಡೀ ಕಾಡು ಅಲೆದಿದ್ದೇನೆ. ಐದು ಗಂಟೆಗೆ ಲ್ಯಾಬ್ ಮುಚ್ತದೆ. ಟೈಗರ್ ಸರ್ಕಲ್‌ನಲ್ಲಿ ಇಳಿದರೆ ಹತ್ತಿರವೇ."

"ನೀನು ಚಿಂತೆ ಬಿಡು ಮಗಾ" ಎಂದೆ. ಅವಳು ಮತ್ತೆ ಕಾಡಿಗೆ ಹೋದಳು. ನಾನು ಬಸ್ಸು ಹತ್ತಿದೆ. ಆಗಲೇ ಶುರುವಾಯಿತು.

"ಭಟ್ರೇ, ಮೀನಿನ ಬಾಕ್ಸ್ ಹಿಂದೆ ಇಡಿ! ನೀರು ಬಿದ್ದರೆ ಸೀಟೆಲ್ಲ ವಾಸನೆ ಬರ್ತದೆ!" ಕಂಡಕ್ಟರ್ ಬಸ್ಸಿಡೀ ಕೇಳುವಂತೆ ಕೂಗಿದ.

ಅವನ ತಪ್ಪೇನೂ ಇಲ್ಲ. ನಮ್ಮ ಕರಾವಳಿಯಲ್ಲಿ ಐಸು ತುಂಬಿದ ಥರ್ಮಾಕೋಲು ಪೆಟ್ಟಿಗೆ ಎಂದರೆ ಮೀನು. ಒಳಗೆ ಎಂತ ಉಂಟು ಎಂದು ಯಾರೂ ಕೇಳುವುದೇ ಇಲ್ಲ. ಆದರೆ ಅದನ್ನು ಹಿಡಿದವನ ಹಣೆಯಲ್ಲಿ ನಾಮ, ಹೆಗಲಲ್ಲಿ ರೇಷ್ಮೆ ಶಾಲು! ಇಡೀ ಬಸ್ಸು ತಿರುಗಿ ನೋಡಿತು. ಆ ಕಣ್ಣುಗಳಲ್ಲಿ ಎರಡು ಉಡುಪಿಯ ನಮ್ಮ ಎದುರುಮನೆಯ ವಸಂತಕ್ಕನವು.

ವಸಂತಕ್ಕ ಕಂಡದ್ದು ಸಂಜೆಯೊಳಗೆ ರಥಬೀದಿ ಮುಟ್ಟುತ್ತದೆ. ಸತ್ಯ ಹೇಳಬಹುದಿತ್ತು. ಆದರೆ ತುಂಬಿದ ಬಸ್ಸಿನಲ್ಲಿ ಒಬ್ಬ ಪುರೋಹಿತ ಏನೆಂದು ಘೋಷಿಸುವುದು? ಗಡಿಬಿಡಿಯಲ್ಲಿ ಶಾಲು ತೆಗೆದು ಪೆಟ್ಟಿಗೆಗೆ ಹೊದೆಸಿ ಹೇಳಿಬಿಟ್ಟೆ: "ಪ್ರಸಾದ!"

"ಪ್ರಸಾದಕ್ಕೆ ಐಸ್ ಎಂತಕ್ಕೆ ಭಟ್ರೇ?" ವಸಂತಕ್ಕ ಕೇಳಿದರು.

"ಪಂಚಾಮೃತ. ಸೆಕೆ ಅಲ್ವಾ, ಹುಳಿಯಾಗ್ತದೆ."

"ಅಯ್ಯೋ, ಪ್ರಸಾದ ಕಾಲ ಬುಡದಲ್ಲಿ ಇಡುವುದಾ!" ಎಂದವರೇ ಪೆಟ್ಟಿಗೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಪಕ್ಕದ ಸೀಟಿನ ಅಜ್ಜ ಆಗಲೇ ಅಂಗೈ ಚಾಚಿದ್ದರು. "ಇನ್ನೂ ಮನೆದೇವರಿಗೆ ತೋರಿಸಿಲ್ಲ" ಎಂದು ಅವರ ಕೈಯನ್ನು ವಿನಯಪೂರ್ವಕವಾಗಿ ಮಡಚಿದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ನೈವೇದ್ಯ!

"ಟೈಗರ್ ಸರ್ಕಲ್! ಟೈಗರ್ ಸರ್ಕಲ್!" ಕಂಡಕ್ಟರ್ ಕೂಗಿದಾಗ ಗುಟ್ಟು ರಟ್ಟಾಯಿತೆಂದು ಬೆಚ್ಚಿಬಿದ್ದೆ. ಆಮೇಲೆ ನೆನಪಾಯಿತು, ಅದು ನಾನು ಇಳಿಯಬೇಕಾದ ಸ್ಟಾಪು. ಎದ್ದು ನಿಂತೆ.

"ಇಲ್ಲಿ ಎಂತಕ್ಕೆ ಇಳಿಯುವುದು? ಮನೆದೇವರು ಉಡುಪಿಯಲ್ಲಿ ಅಲ್ವಾ?" ವಸಂತಕ್ಕ ಪೆಟ್ಟಿಗೆಯನ್ನು ಅಪ್ಪಿ ಹಿಡಿದರು. ನಾನು ಪೆಟ್ಟಿಗೆಗೆ ಕೈ ಚಾಚುವಷ್ಟರಲ್ಲಿ ಬಸ್ಸು ಹೊರಟಿತು. ಗಂಟೆ ನಾಲ್ಕಾಗಿತ್ತು. ಪೆಟ್ಟಿಗೆಯ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಗಳ ವರ್ಷದ ಬೆವರೇ ಇಳಿದಂತೆ ಕಂಡಿತು.

ಉಡುಪಿಯಲ್ಲಿ ನೂಕುನುಗ್ಗಲು. ನಾನು ಇಳಿಯುವ ಮೊದಲೇ ವಸಂತಕ್ಕ ರಿಕ್ಷಾದಲ್ಲಿ ಕೂತಾಗಿತ್ತು. "ನಿಮಗೆ ಸೊಂಟನೋವು ಭಟ್ರೇ, ಪ್ರಸಾದ ನಾನು ಮುಟ್ಟಿಸ್ತೇನೆ, ನೀವು ನಿಧಾನ ಬನ್ನಿ!"

ನಿಧಾನವೆ? ಪಂಚೆ ಎತ್ತಿ ಕಟ್ಟಿ ಓಡಿದೆ. ಮನೆಗೆ ಬಂದು ನೋಡಿದರೆ ಪೆಟ್ಟಿಗೆ ದೇವರಕೋಣೆಯ ಬಾಗಿಲಲ್ಲಿ ವಿರಾಜಮಾನ! ಮುಚ್ಚಳಕ್ಕೆ ಕುಂಕುಮ, ಎದುರಿಗೆ ಉರಿಯುವ ದೀಪ, ಸುತ್ತ ಲೋಟ ಹಿಡಿದ ನೆರೆಮನೆಯವರು. ನನ್ನ ಹೆಂಡತಿ ಸುಮತಿ ಚಮಚ ಹಿಡಿದು ಮುಚ್ಚಳಕ್ಕೆ ಕೈಹಾಕಿದ್ದಳು.

"ಮುಟ್ಟಬೇಡ! ಅದು ಹುಲಿಯ ಮಲ!"

ಸುಮತಿಯ ಕೈಯಿಂದ ಚಮಚ ಬಿತ್ತು. ವಸಂತಕ್ಕ ತಮ್ಮ ತೊಡೆಯನ್ನೊಮ್ಮೆ, ಪೆಟ್ಟಿಗೆ ಒತ್ತಿಕೊಂಡ ಕಣ್ಣನ್ನೊಮ್ಮೆ ಮುಟ್ಟಿಕೊಂಡರು.

"ಮೀನೇ ಆಗಿದ್ದರೆ ಒಳ್ಳೆಯದಿತ್ತು ಭಟ್ರೇ!"

ವಿವರಿಸಲು ಪುರುಸೊತ್ತೆಲ್ಲಿ? ಮುಚ್ಚಳ ತೆಗೆದು ನೋಡಿದೆ. ಬಿಗಿಯಾಗಿ ಮುಚ್ಚಿದ ಡಬ್ಬಿಗಳು ಇನ್ನೂ ತಣ್ಣಗಿದ್ದವು. ಐಸು ಮಾತ್ರ ನಿಂಬೆಹಣ್ಣಿನಷ್ಟು ಉಳಿದಿತ್ತು.

"ಸುಮತೀ, ಫ್ರಿಜ್ಜಿನಲ್ಲಿ ಐಸ್ ಉಂಟಾ?"

"ದೋಸೆಹಿಟ್ಟು ಉಂಟು. ಮೊದಲು ಆ ಪೆಟ್ಟಿಗೆಯನ್ನು ಹೊರಗೆ ಹಾಕಿ! ಇಲ್ಲಿಗೆಲ್ಲ ಗೋಮಯ ಸಾರಿಸಬೇಕು ನಾನು."

ರಿಕ್ಷಾ ಹಿಡಿದು ಮಣಿಪಾಲಕ್ಕೆ ಹೊರಟೆ. ದಾರಿಯಲ್ಲಿ ಮಣಗಟ್ಟಲೆ ಐಸು ಇರುವ ಜಾಗ ಒಂದೇ ಕಂಡಿತು. ಯಾವುದರ ಹೆಸರು ತಪ್ಪಿಸಲು ಇಷ್ಟೆಲ್ಲ ಸುಳ್ಳು ಹೇಳಿದ್ದೆನೋ, ಅದೇ ಮೀನಿನಂಗಡಿ! ಒಂದು ಕ್ಷಣ ಮಾನ ಹಿಂದಕ್ಕೆ ಎಳೆಯಿತು. ಆದರೆ ಕಾಡು ಅಲೆದು ಜಿಗಣೆ ಕಚ್ಚಿಸಿಕೊಂಡ ಮಗಳ ಕಾಲು ಕಣ್ಣೆದುರು ಬಂತು. ಇಳಿದೆ.

"ಭಟ್ರಿಗೆ ಎಂತ ಕೊಡಲಿ? ಬಂಗುಡೆಯಾ, ಅಂಜಲ್ಲಾ?" ಅಂಗಡಿಯ ಗಿರಿಜಕ್ಕ ಸಲೀಸಾಗಿ ಕೇಳಿದಳು.

"ಮೀನು ಬೇಡ. ಐಸ್ ಮಾತ್ರ."

ಅವಳು ನನ್ನ ನಾಮ ನೋಡಿದಳು. ಕೈಯಲ್ಲಿದ್ದ ಪೆಟ್ಟಿಗೆ ನೋಡಿದಳು. "ಗೊತ್ತಾಯಿತು ಮಾರಾಯ್ರೇ. ಮೀನು ಆಗಲೇ ಬೇರೆ ಕಡೆ ತೆಗೊಂಡಾಗಿದೆ! ಹೆದರಬೇಡಿ, ನಾನು ಯಾರಿಗೂ ಹೇಳುವುದಿಲ್ಲ" ಎಂದು ಎರಡು ಬೊಗಸೆ ಐಸು ಸುರಿದಳು.

ಬೀಗ ಹಿಡಿದು ಹೊರಗೆ ಬಂದಿದ್ದವರನ್ನು ಲ್ಯಾಬಿನ ಬಾಗಿಲಲ್ಲೇ ಹಿಡಿದೆ. ಡಬ್ಬಿಗಳು ಒಳಗೆ ಹೋದವು. ಮಗಳ ಕೆಲಸ ಉಳಿಯಿತು. ಮೆಟ್ಟಿಲ ಮೇಲೆ ಕೂತು ಮಕ್ಕಳಂತೆ ಅತ್ತುಬಿಟ್ಟೆ.

ಪರೀಕ್ಷೆಯಾದ ಮೇಲೆ ವೈದೇಹಿ ಸಂತೋಷದಿಂದ ಹೇಳಿದಳು: "ಅಪ್ಪ, ಆ ಹುಲಿ ತುಂಬಾ ನೆಮ್ಮದಿಯಲ್ಲಿ ಉಂಟು. ಆತಂಕವೇ ಇಲ್ಲ."

ಇರುವುದಾದರೂ ಹೇಗೆ? ಅದರ ಪಾಲಿನದೆಲ್ಲ ನಾನು ಅನುಭವಿಸಿದ್ದೇನಲ್ಲ! ಈಗ ನಾನು ಪೂಜೆಗೆಂದು ಆ ದಾರಿಯಲ್ಲಿ ಹೋದರೆ ಗಿರಿಜಕ್ಕ ಕೊಟ್ಟ ಮಾತು ತಪ್ಪುವುದಿಲ್ಲ. ಯಾರಿಗೂ ಏನೂ ಹೇಳುವುದಿಲ್ಲ. ನನ್ನ ಜೊತೆಗೆ ಪೂಜೆ ಮಾಡಿಸುವ ಯಜಮಾನರಿದ್ದರೂ ಸರಿ, ರಸ್ತೆಯ ಆಚೆಯಿಂದ ಪ್ರೀತಿಯಿಂದ ಕೂಗುತ್ತಾಳೆ, ಅಷ್ಟೇ:

"ಭಟ್ರೇ, ಇವತ್ತು ಐಸ್ ಬೇಡವಾ?"