ತಾನಾಗಿ ಹಿಂದೆ ಸರಿಯುವ ಸೀಟು

ಮೂರು ಜನರಿರುವ ಮನೆಗೆ ಎರಡೇ ಸೀಟಿನ ಕಾರು ತಂದವನನ್ನು ಏನೆಂದು ಕರೆಯಬೇಕು? ನನ್ನ ಹೆಂಡತಿ ಮೊದಲ ದಿನವೇ ಕರೆದಳು. ಆ ಪದವನ್ನು ಇಲ್ಲಿ ಬರೆಯುವುದಿಲ್ಲ. (ಎರಡನೆಯ ದಿನ ಕರೆದದ್ದನ್ನಂತೂ ಬರೆಯುವ ಹಾಗೇ ಇಲ್ಲ.)

ಕಾರು ಬ್ರಿಟಿಷ್ ಸಂಜಾತ. ವಯಸ್ಸಿನಲ್ಲಿ ನನಗಿಂತ ಆರು ವರ್ಷ ಹಿರಿದು. ಹಸಿರು ಬಣ್ಣ, ಕಡ್ಡಿಗಳ ಚಕ್ರ, ಮಡಚಿಡುವ ಬಟ್ಟೆಯ ಚಾವಣಿ, ಮೊಸಳೆಯ ಹಾಗೆ ಉದ್ದನೆಯ ಮೂತಿ. ಅದನ್ನು ಮಾರಿದವರು ಒಬ್ಬ ಹಲ್ಲಿನ ಡಾಕ್ಟರು. "ಓಡಿಸ್ತಾ ಇರಿ. ಓಡಿಸ್ತಾ ಓಡಿಸ್ತಾ ಒಂದೊಂದೇ ಸರಿ ಮಾಡ್ಕೊಳ್ಳಿ. ಅದೇ ಇದರ ಮಜಾ" ಎಂದು ಹೇಳಿ, ನಾನು ಮನಸ್ಸು ಬದಲಿಸುವುದರೊಳಗೆ ಗೇಟು ಹಾಕಿಕೊಂಡರು. ಹಲ್ಲು ಕೀಳುವವರ ಮುಖದಲ್ಲಿ ಹಲ್ಲು ಕೀಳಿಸಿಕೊಂಡವನ ನೆಮ್ಮದಿಯನ್ನು ನಾನು ಕಂಡದ್ದು ಅಂದೇ.

ನಿಜ ಹೇಳಬೇಕೆಂದರೆ, ನಾನು ಕಾರು ಕೊಂಡದ್ದು ಮಾವನವರಿಗಾಗಿ. ಹೆಂಡತಿಯ ತಂದೆ ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ನಮ್ಮ ಜೊತೆಯಲ್ಲೇ ಇದ್ದಾರೆ. ಆರಡಿ ಎತ್ತರ, ಮಾತು ಕಡಿಮೆ. ಒಮ್ಮೆ ಮಾತ್ರ ಹೇಳಿದ್ದರು: "ಜೀವಮಾನವೆಲ್ಲಾ ಬೆನ್ನ ಹಿಂದೆ ಐವತ್ತು ಜನ ಕೂತಿದ್ರು ಅಳಿಯಂದ್ರೇ. ಒಬ್ಬನಿಗೆ ಆಫೀಸಿನ ಅವಸರ, ಒಬ್ಬಳಿಗೆ ಹೆರಿಗೆ ಅವಸರ, ಒಬ್ಬನಿಗೆ ವಾಂತಿ. ಹಿಂದೆ ಯಾರೂ ಇಲ್ಲದ ಗಾಡಿ ಒಂದನ್ನ ಒಂದ್ಸಲ ಓಡಿಸ್ಬೇಕು ನೋಡಿ."

ಅದೇ ತಿಂಗಳು ಕಣ್ಣಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಮಾವನವರ ದೃಷ್ಟಿ ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತಿದೆ, ಔಷಧಿಯಿಂದ ಅದನ್ನು ನಿಧಾನ ಮಾಡಬಹುದೇ ಹೊರತು ನಿಲ್ಲಿಸಲಾಗದು ಎಂದಿದ್ದರು. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ. ಹಿಂದೆ ಸೀಟೇ ಇಲ್ಲದ ಕಾರು ಇದೆಯೆಂದು ಕೇಳಿದಾಗ ನಾನು ಎರಡನೇ ಯೋಚನೆ ಮಾಡಲಿಲ್ಲ. ಮೊದಲನೆಯದನ್ನೂ ಮಾಡಲಿಲ್ಲವೆಂದು ಹೆಂಡತಿಯ ಅಭಿಪ್ರಾಯ.

ಕೀಲಿಕೈಯನ್ನು ಅಂದೇ ಅವರ ಅಂಗೈಯಲ್ಲಿಟ್ಟು ಸುಮ್ಮನಿದ್ದಿದ್ದರೆ ಇಷ್ಟು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ನಾನು ಅಳತೆ ಮತ್ತು ತೂಕ ಇಲಾಖೆಯ ಪರೀಕ್ಷಕ. ಅಂಗಡಿಯ ತಕ್ಕಡಿ, ಪೆಟ್ರೋಲ್ ಬಂಕಿನ ಮೀಟರು, ಹಾಲಿನ ಲೀಟರು ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಕೆಲಸ. ಅದರ ಮೇಲೆ, ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲ ವ್ಯಕ್ತಿ. ನಮ್ಮಪ್ಪ ಎತ್ತಿನ ಬೆನ್ನು ಸವರಿಯೇ ಅದರ ಜ್ವರ ಹೇಳುತ್ತಿದ್ದ. ಓದಿದ ನನಗೆ ಥರ್ಮಾಮೀಟರು ಬೇಕು, ಆ ಥರ್ಮಾಮೀಟರು ಸರಿಯಿದೆಯೆಂದು ಪ್ರಮಾಣಪತ್ರವೂ ಬೇಕು. ಕಾರು ಬಂದ ಸಂಜೆಯೇ ಒಂದು ನೋಟುಪುಸ್ತಕ ತೆರೆದು ದೋಷಗಳ ಪಟ್ಟಿ ಮಾಡಿದೆ. ನಲವತ್ತಮೂರು ದೋಷಗಳಿದ್ದವು. ಓಡಿದ ದೂರ ತೋರಿಸುವ ಮೀಟರು ಸತ್ತಿತ್ತು: ಕ್ರಮಸಂಖ್ಯೆ ಹದಿನೇಳು. ಪೆಟ್ರೋಲಿನ ಮುಳ್ಳು ಸತ್ತಿತ್ತು: ಹದಿನೆಂಟು. ಎಡ ಬದಿಯ ಬಾಗಿಲು ತೆರೆಯುತ್ತಿರಲಿಲ್ಲ. ಬಲ ಬದಿಯದನ್ನು ಸ್ವಲ್ಪ ಮೇಲಕ್ಕೆತ್ತಿ, ಆಮೇಲೆ ಎಳೆಯಬೇಕಿತ್ತು. ಆ ಮರ್ಮ ನನಗೊಬ್ಬನಿಗೇ ಗೊತ್ತಿತ್ತು.

"ಒಂದು ಸುತ್ತು ಕೊಡ್ತೀರಾ ಅಳಿಯಂದ್ರೇ?" ಎಂದು ಮಾವ ಕೇಳಿದರು.

"ಪಟ್ಟಿ ಮುಗೀಲಿ ಮಾವ. ನಿಮ್ಮ ಲೈಸೆನ್ಸೂ ಮುಗಿದಿದೆ. ಎಲ್ಲಾ ಸರಿಯಾದ ಮೇಲೆ ಖಾಲಿ ಮೈದಾನ ನೋಡಿ ನಾನೇ ಕರ್ಕೊಂಡು ಹೋಗ್ತೀನಿ."

"ಆಯ್ತು" ಎಂದರು. ಮೂವತ್ತೊಂದು ವರ್ಷ ಕೆಂಪು ದೀಪಕ್ಕೆ ನಿಂತ ಮನುಷ್ಯ.

ನಾನು ಭಾನುವಾರ ಮಾತ್ರ ಕಾರು ಹೊರಗೆ ತೆಗೆಯುತ್ತಿದ್ದೆ. ಮುಳ್ಳು ಸತ್ತಿದ್ದರಿಂದ ಮರದ ಕೋಲಿಗೆ ಗೀರು ಹಾಕಿ, ಟ್ಯಾಂಕಿಗೆ ಇಳಿಸಿ ಪೆಟ್ರೋಲು ಅಳೆದು ಬರೆದಿಡುತ್ತಿದ್ದೆ. ಮೂರನೇ ವಾರ ಕೋಲನ್ನು ಎರಡು ಸಲ ಇಳಿಸಿ ನೋಡಿದೆ. ಕಳೆದ ಭಾನುವಾರ ನಿಲ್ಲಿಸಿದಾಗ ಇದ್ದದ್ದಕ್ಕಿಂತ ಎರಡು ಬೆರಳು ಕಡಿಮೆ! ಅದರ ಮುಂದಿನ ವಾರ ಮತ್ತೆ ಎರಡು ಬೆರಳು. ಕೋಲನ್ನು ಆಫೀಸಿಗೆ ಒಯ್ದು ಪರೀಕ್ಷೆಗೆ ಒಡ್ಡಿದೆ. ಕೋಲು ನಿರ್ದೋಷಿ. ಕಾರಿನ ಕೆಳಗೆ ದಿನಪತ್ರಿಕೆ ಹಾಸಿದೆ. ಒಂದು ಹನಿ ಕಲೆಯಿಲ್ಲ. ಆದರೆ ಭಾನುವಾರದ ಪತ್ರಿಕೆ ಹಾಸಿದ್ದರೆ ವಾರದ ಕೊನೆಗೆ ಅಲ್ಲಿ ಬುಧವಾರದ ಪತ್ರಿಕೆ ಇರುತ್ತಿತ್ತು. ಹೆಂಡತಿಗೆ ಶುಚಿತ್ವ ಹೆಚ್ಚು, ಬದಲಿಸಿರುತ್ತಾಳೆ ಎಂದುಕೊಂಡೆ.

ಇದರ ಜೊತೆಗೆ ಇನ್ನೆರಡು ರೋಗ ಹೊಸದಾಗಿ ಕಾಣಿಸಿಕೊಂಡವು. ಕ್ರಮಸಂಖ್ಯೆ ನಲವತ್ನಾಲ್ಕು: ನಿಂತಲ್ಲೇ ಚಾಲಕನ ಸೀಟು ತಾನಾಗಿ ಒಂದು ಹಲ್ಲು ಹಿಂದೆ ಸರಿಯುತ್ತದೆ. ನಲವತ್ತೈದು: ಕನ್ನಡಿ ತಾನಾಗಿ ಮೇಲಕ್ಕೆ ತಿರುಗುತ್ತದೆ. ಸೀಟಿನ ಹಳಿಗೆ ಎರಡು ಸಲ ಸ್ಪ್ರಿಂಗು ಬದಲಿಸಿದೆ. ಮತ್ತೆ ಸರಿಯಿತು. ಬ್ರಿಟಿಷರ ಉಕ್ಕಿನ ಮೇಲೆ ನನಗಿದ್ದ ಗೌರವ ಕುಸಿಯಿತು.

"ಇದು ಅಗೋಚರ ಸೋರಿಕೆ" ಎಂದು ಊಟದ ಮೇಜಿನ ಮುಂದೆ ಘೋಷಿಸಿದೆ. "ಇಡೀ ಗಾಡಿ ಬಿಚ್ಚದೆ ಪತ್ತೆಯಾಗಲ್ಲ."

ಹೆಂಡತಿಯ ಕೈಯಲ್ಲಿದ್ದ ಲೋಟ ನಿಂತಿತು. "ಸೋರಿದ್ರೆ ಸೋರ್ಲಿ ಬಿಡಿ. ಓಡ್ತಾ ಇದೆಯಲ್ಲ?"

"ಪೆಟ್ರೋಲು ಸೋರೋದು ಅಂದ್ರೆ ತಮಾಷೆನಾ?"

"ಅದು ಸೋರ್ತಾ ಇಲ್ಲ ಅಂತ ನನಗನ್ನಿಸುತ್ತೆ."

"ನಿನಗನ್ನಿಸೋದನ್ನ ಕೋಲು ಹಾಕಿ ಅಳೆಯೋಕಾಗುತ್ತಾ?"

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ತಟ್ಟೆ ನೋಡಿಕೊಂಡರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳ ಬಾಯಿ ಮುಚ್ಚಿಸಿದ ಮೊದಲ ವಾಕ್ಯ ಅದೆಂದು ನಾನು ಹಿಗ್ಗಿ, ಅದನ್ನು ನೋಟುಪುಸ್ತಕದ ಹಿಂಬದಿಯಲ್ಲಿ ಬರೆದೂ ಇಟ್ಟೆ.

ಮರುವಾರ ಅವರಿಬ್ಬರೂ ದೊಡ್ಡ ಕಣ್ಣಾಸ್ಪತ್ರೆಗೆಂದು ಮೂರು ದಿನ ಹೊರಟರು. ನಾನು ಮೂರು ದಿನ ರಜೆ ಹಾಕಿದೆ. ಅವರು ಮರಳಿ ಬಂದಾಗ ಶೆಡ್ಡಿನ ನೆಲದ ಮೇಲೆ ಕಾರು ಮುನ್ನೂರ ಹನ್ನೆರಡು ತುಂಡುಗಳಾಗಿ, ಒಂದೊಂದಕ್ಕೂ ಒಂದೊಂದು ಚೀಟಿ ಅಂಟಿಸಿಕೊಂಡು, ಸಾಲಾಗಿ ಮಲಗಿತ್ತು. ನಾನು ಪ್ರಶಂಸೆಗಾಗಿ ಬಾಗಿಲಲ್ಲಿ ನಿಂತೆ. ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾವ ಮಾತ್ರ ಒಂದು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, "ಅಕ್ಷರ ಚೆನ್ನಾಗಿದೆ ಅಳಿಯಂದ್ರೇ" ಎಂದರು.

ಮತ್ತೆ ಜೋಡಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಸೋರಿಕೆ ಎಲ್ಲೂ ಸಿಗಲಿಲ್ಲ. ಆದರೆ ಬಿಚ್ಚಿದ ಮೇಲೆ ಎಲ್ಲವನ್ನೂ ತಿಕ್ಕಿ, ತೊಳೆದು, ಪಟ್ಟಿಯ ಪ್ರಕಾರವೇ ಸರಿಪಡಿಸಬೇಕಲ್ಲ. ಮಾವ ಪ್ರತಿ ಸಂಜೆ ಬಂದು ಮುಕ್ಕಾಲಿಯ ಮೇಲೆ ಕೂರುತ್ತಿದ್ದರು. ಮೊದಲು ಚೀಟಿಗಳನ್ನು ಅವರೇ ಓದಿ ತುಂಡು ಕೊಡುತ್ತಿದ್ದರು. ಆಮೇಲೆ, "ನೀವೇ ಓದಿ, ಕನ್ನಡಕ ಒಳಗಿದೆ" ಎನ್ನತೊಡಗಿದರು. ಮತ್ತೆ ಕೆಲವು ತಿಂಗಳಿಗೆ, ಬೆರಳಿನಿಂದ ತಡವಿ, "ಇದು ಕ್ಲಚ್ಚಿನದು" ಎಂದು ಹೇಳುತ್ತಿದ್ದರು. ಎಷ್ಟು ಜ್ಞಾನ ಎಂದು ನಾನು ಬೆರಗಾಗುತ್ತಿದ್ದೆ. ಟ್ಯಾಂಕನ್ನು ವಾರವಾರವೂ ಅಳೆದವನು ಎದುರಿಗೆ ಕೂತವರ ಕಣ್ಣಲ್ಲಿ ಎಷ್ಟು ಉಳಿದಿದೆ ಎಂದು ಒಮ್ಮೆಯೂ ಅಳೆಯಲಿಲ್ಲ. ಅದಕ್ಕೆ ಕ್ರಮಸಂಖ್ಯೆ ಇರಲಿಲ್ಲ.

ಚಳಿಗಾಲದ ಕೊನೆಗೆ ಅವರು ಗೋಡೆ ಹಿಡಿದು ನಡೆಯತೊಡಗಿದರು. ವಸಂತದಲ್ಲಿ ನನ್ನ ಕಾರು ಸಿದ್ಧವಾಯಿತು.

ಅಂದು ಬೆಳಿಗ್ಗೆ ಚಾವಣಿ ಮಡಚಿ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದೆ. ಮಾವನವರ ತೋಳು ಹಿಡಿದು ಎಡ ಬದಿಗೆ ಕರೆದೊಯ್ಯಲು ಹೋದೆ. ಅವರು ಮೆಲ್ಲಗೆ ಕೈ ಬಿಡಿಸಿಕೊಂಡು, ಹಸಿರು ಮೂತಿಯ ಮೇಲೆ ಬೆರಳಾಡಿಸುತ್ತಾ ಬಲಕ್ಕೆ ಸುತ್ತಿ ಬಂದರು. ಬಾಗಿಲ ಹಿಡಿ ಸಿಕ್ಕಿತು. ಸ್ವಲ್ಪ ಮೇಲಕ್ಕೆತ್ತಿ, ಆಮೇಲೆ ಎಳೆದರು.

ಈಗ ಹಾಗೆ ಎತ್ತುವ ಅಗತ್ಯವಿರಲಿಲ್ಲ. ಅದನ್ನು ನಾನು ಸರಿಮಾಡಿದ್ದೆ. ಆದರೆ ಇವರಿಗೆ ಆ ಮರ್ಮ ಹೇಳಿದವರು ಯಾರು?

ಮಾವ ಕೂತರು. ಕೈ ನೇರವಾಗಿ ಸೀಟಿನ ಕೆಳಗೆ ಹೋಗಿ ಸೀಟು ಒಂದು ಹಲ್ಲು ಹಿಂದೆ ಸರಿಯಿತು. ಆಮೇಲೆ, ಏನನ್ನೂ ಕಾಣಲಾರದ ಆ ಮನುಷ್ಯ ಕೈ ಎತ್ತಿ ಕನ್ನಡಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿಕೊಂಡರು.

ಕ್ರಮಸಂಖ್ಯೆ ನಲವತ್ನಾಲ್ಕು. ನಲವತ್ತೈದು.

ನಾನು ಹೆಂಡತಿಯ ಕಡೆಗೆ ತಿರುಗಿದೆ. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಎಷ್ಟು ದಿನ?"

"ಹದಿನೈದಿಪ್ಪತ್ತು ಇರಬಹುದು. ಮಧ್ಯಾಹ್ನ ನಾನು ಲೈಬ್ರರಿ ಕೆಲಸ ಮುಗಿಸಿ ಬಂದ್ಮೇಲೆ, ನೀವು ಆಫೀಸಲ್ಲಿದ್ದಾಗ. ಮುಚ್ಚಿದ ಗಿರಣಿಯ ಹಿಂದೆ ದೊಡ್ಡ ಅಂಗಳ ಇದೆಯಲ್ಲ, ಅಲ್ಲೀವರೆಗೂ ನಾನು ಓಡಿಸ್ತಿದ್ದೆ. ಅಲ್ಲಿ ಅಪ್ಪ ಸುತ್ತು ಹಾಕ್ತಿದ್ರು."

"ನಿನಗೆ ಕಾರು ಓಡಿಸೋಕೆ ಬರುತ್ತಾ?"

"ಬಸ್ಸೇ ಬರುತ್ತೆ. ನೀವು ಯಾವತ್ತು ಕೇಳಿದ್ರಿ?"

"ಬಿಚ್ಚೋ ಮೊದಲು ಒಂದು ಮಾತು ಹೇಳ್ಬಾರದಾಗಿತ್ತಾ?"

"ಹೇಳಿದ್ರೆ ಕೀಲಿಕೈ ಕಪಾಟಿಗೆ ಹೋಗ್ತಿತ್ತು. ಲೈಸೆನ್ಸು ಮುಗಿದಿದೆ, ಪಟ್ಟಿ ಮುಗಿದಿಲ್ಲ ಅಂತಿದ್ರಿ. ಆಸ್ಪತ್ರೆಯಿಂದ ಬಂದ್ಮೇಲೆ ಹೇಗಾದ್ರೂ ನಿಮ್ಮನ್ನ ತಡೆಯೋಣ ಅಂತ ದಾರಿಯಲ್ಲೆಲ್ಲಾ ಮಾತಾಡ್ಕೊಂಡು ಬಂದ್ವಿ. ಬಂದು ನೋಡಿದ್ರೆ ಚೀಟಿ!"

ಅಗೋಚರ ಸೋರಿಕೆ ಆರಡಿ ಎತ್ತರವಿದ್ದು ನನ್ನೆದುರಿಗೇ ಸ್ಟೇರಿಂಗು ಹಿಡಿದು ಕೂತಿತ್ತು. ಅದನ್ನು ನಿಲ್ಲಿಸಿದವನು ನಾನೇ. ಅವರ ಕಣ್ಣಲ್ಲಿ ಉಳಿದಿದ್ದ ಅಷ್ಟೂ ತಿಂಗಳನ್ನು ಚೀಟಿ ಅಂಟಿಸಿ ಶೆಡ್ಡಿನಲ್ಲಿ ಮಲಗಿಸಿದ್ದೆ.

ಮಾವ ಕೀಲಿ ತಿರುಗಿಸಿದರು. ಇಂಜಿನು ಒಂದೇ ಸಲಕ್ಕೆ ಗುಡುಗಿತು. ಅವರ ಮುಖ ಅರಳಿತು. ಮರುಕ್ಷಣ ಮೂಗು ಸುಕ್ಕಾಯಿತು. ತಟಕ್ಕನೆ ಆರಿಸಿದರು.

"ಅಳಿಯಂದ್ರೇ, ಪೆಟ್ರೋಲ್ ವಾಸನೆ."

ಬಗ್ಗಿ ನೋಡಿದೆ. ಟಪ್, ಟಪ್, ಟಪ್. ಜನ್ಮದಲ್ಲಿ ಸೋರದಿದ್ದ ಕಾರು, ಹದಿನಾಲ್ಕು ತಿಂಗಳ ನನ್ನ ದುರಸ್ತಿಯ ನಂತರ ಸೋರುತ್ತಿತ್ತು.

ಮಾವ ಇಳಿದು, ಮೂತಿಯ ಮುಚ್ಚಳ ಎತ್ತಿಸಿ, ಪೈಪಿನ ಗುಂಟ ಬೆರಳು ಹರಿಸಿ ಒಂದು ನಟ್ಟಿನ ಮೇಲೆ ನಿಲ್ಲಿಸಿದರು. "ಇಲ್ಲಿ. ಕಾಲು ತಿರುವು, ಅಷ್ಟೇ." ನಾನು ತಿರುಗಿಸಿದೆ. ಹನಿ ನಿಂತಿತು. ಚೆಲ್ಲಿದ್ದನ್ನು ಒರೆಸಿ, ವಾಸನೆ ಪೂರ್ತಿ ಹೋಗುವವರೆಗೆ ಕಾದೆವು.

"ಮಾವ, ನೀವು ಓಡಿಸಿ. ನಾನು ಪಕ್ಕದಲ್ಲಿ ಕೂತು ದಾರಿ ಹೇಳ್ತೀನಿ" ಎಂದೆ. ಲೈಸೆನ್ಸು, ಪಟ್ಟಿ, ನಿಯಮ ಎಲ್ಲವನ್ನೂ ಮರೆತು ಹೇಳಿದೆ.

ಅವರು ನನ್ನ ಹೆಗಲು ತಟ್ಟಿದರು. "ಬೇಡಪ್ಪ. ಹಿಂದೆ ಯಾರೂ ಇಲ್ಲ, ನಿಜ. ಮುಂದೆ ಯಾರಾದ್ರೂ ಇರ್ತಾರಲ್ಲ." ಹೀಗೆಂದು ತಾವಾಗಿಯೇ ಎಡ ಬದಿಗೆ ಹೋಗಿ ಕೂತರು.

ನಾನು ಬಲ ಬದಿಯ ಬಾಗಿಲಿಗೆ ಕೈ ಹಾಕಿದೆ. ಹೆಂಡತಿ ಕೈ ಚಾಚಿದಳು. "ಕೀಲಿಕೈ."

ಎರಡೇ ಸೀಟು. ಗೇಟಿನ ಬಳಿ ಕೋಲು ಹಿಡಿದು ನಿಂತವನು ನಾನು. ಅವಳು ಗೇಟಿನಿಂದ ಹಿಮ್ಮುಖವಾಗಿ ಕಾರು ತೆಗೆದ ಬಗೆ ನೋಡಿ, ಭಾನುವಾರಗಳಂದು ನಾನು ಮಾಡುತ್ತಿದ್ದುದು ಏನೆಂದು ನನಗೇ ಸಂದೇಹ ಬಂತು.

ಮುಕ್ಕಾಲು ಗಂಟೆಯ ಮೇಲೆ ಬಂದರು. ಮಾವನ ಬಿಳಿಕೂದಲು ಗಾಳಿಗೆ ನಿಂತುಬಿಟ್ಟಿತ್ತು. "ಕ್ಲಚ್ಚು ಇವಳದು, ಗೇರು ನನ್ನದು. ಇಂಜಿನ್ ಸದ್ದು ಕೇಳಿ ಹಾಕ್ದೆ. ಬಲಗೈಲಿ ಗೇರು ಹಾಕಿದ್ದು ಇದೇ ಮೊದಲು ಅಳಿಯಂದ್ರೇ" ಎಂದರು. ಆ ಬಲಗೈ ಇನ್ನೂ ಗುಂಡಗೆ ಮಡಚಿಕೊಂಡೇ ಇತ್ತು.

ಇಳಿದು ಮೆಟ್ಟಿಲಲ್ಲಿ ಕೂತು, ನಗುತ್ತಾ ಕೇಳಿದರು: "ಅಳೀರಿ ನೋಡೋಣ. ಎಷ್ಟು ಸೋರಿದೆ?"

ನಾನು ಟ್ಯಾಂಕಿನ ಪಕ್ಕ ನಿಂತು ಕೋಲನ್ನು ದಿಟ್ಟಿಸಿದೆ. ಕೋಲು ಮಸುಕಾಗಿ ಕಂಡಿತು. "ಒಂದು ಹನೀನೂ ಕಡಿಮೆಯಾಗಿಲ್ಲ ಮಾವ" ಎಂದೆ. ಇಪ್ಪತ್ತೆರಡು ವರ್ಷಗಳ ನೌಕರಿಯಲ್ಲಿ ನಾನು ಕೊಟ್ಟ ಮೊದಲ ಸುಳ್ಳು ಅಳತೆ.

ಮಾವ ನನ್ನತ್ತ ಕಿವಿ ವಾಲಿಸಿದರು.

"ಅಳಿಯಂದ್ರೇ, ಟ್ಯಾಂಕಿನ ಮುಚ್ಚಳ ತೆಗೆದ ಸದ್ದೇ ಕೇಳಲಿಲ್ಲವಲ್ಲ."