ಯುದ್ಧದ ಮೇಷ್ಟ್ರ ಗೆಲುವು

ಇಬ್ಬರೇ ಇಬ್ಬರು ವಿದ್ಯಾರ್ಥಿಗಳು ಕಡಿಮೆ ಬಿದ್ದದ್ದು ಕೆಂಪರಾಜುವಿನ ಗ್ರಹಚಾರ.

"ಸಂಜೆಯೊಳಗೆ ಇತಿಹಾಸಕ್ಕೆ ಇನ್ನಿಬ್ಬರು ಸೇರ್ದಿದ್ರೆ ವಿಭಾಗ ಮುಚ್ತಾರೆ ಕಣ್ರೀ. ನಿಮ್ಮ ಕೆಲ್ಸಾನೂ ಹೋದಂಗೇ" ಎಂದರು ಕಾಲೇಜಿನ ಪ್ರಿನ್ಸಿಪಾಲರು ಲತಾಮಣಿ.

ಮಹಾಯುದ್ಧದಲ್ಲಿ ಮಂತ್ರಿಗಳೂ ಸೇನಾಪತಿಗಳೂ ಹೇಗೆ ಕಿತ್ತಾಡಿಕೊಂಡೇ ಗೆದ್ದರು ಎಂದು ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವನು ಕೆಂಪರಾಜು. ಓದಿ ಓದಿ ತಲೆ ಬೋಳಾದರೂ ಕನಕಪುರದಲ್ಲಿ ಇನ್ನೂ ಅತಿಥಿ ಉಪನ್ಯಾಸಕ. ಇದೂ ಹೋದರೆ ತನ್ನನ್ನು ಯಾರು ಕೇಳುತ್ತಾರೆ ಎಂದುಕೊಂಡು, ಸೇರುವ ಮಕ್ಕಳಿದ್ದಾರೆಯೇ ಎಂದು ಕಂಡಕಂಡವರನ್ನೆಲ್ಲ ವಿಚಾರಿಸಿದ.

ಸಾತನೂರಿನ ಹತ್ತಿರ ಇಬ್ಬರು ಹುಡುಗಿಯರು ಪಿಯುಸಿ ಮುಗಿಸಿ ಮನೆಯಲ್ಲೇ ಕೂತಿದ್ದಾರೆಂದು ಜವಾನ ಗಂಗಹನುಮಯ್ಯ ಹೇಳಿದ. ಕುರಿ ಸಾಕುವ ಪುಟ್ಟಲಿಂಗಯ್ಯನ ಮಗಳು ನಯನ. ಪಕ್ಕದ ಮನೆಯಲ್ಲಿ ಅವನ ತಮ್ಮ ಚಿಕ್ಕರಾಜುವಿನ ಮಗಳು ರಮ್ಯ. ಅಣ್ಣನ ಕುರಿ ತಮ್ಮನ ಹಿಪ್ಪುನೇರಳೆ ಮೇಯ್ದಂದಿನಿಂದ ಎರಡು ಮನೆಗೂ ಮಾತಿಲ್ಲ. ಊರಿಗಿರುವುದು ಒಂದೇ ಬಸ್ಸು.

"ಅವ್ನ ಮಗ್ಳು ಹತ್ತೋ ಬಸ್ಗೆ ನನ್ ಮಗ್ಳು ಹತ್ತಂಗಿಲ್ಲ" ಎಂದ ಅಣ್ಣ, ಊರಿಗೇ ಬಂದು ಕೇಳಿದ ಕೆಂಪರಾಜುವಿಗೆ. ತಮ್ಮನದೂ ಅದೇ ಮಾತು.

ಸಂಧಾನವೆಂದರೆ ಎದುರಾಳಿಗಳನ್ನು ಒಂದೆಡೆ ಸೇರಿಸುವುದು ಎಂದು ತಾನೇ ಪ್ರಬಂಧದಲ್ಲಿ ಬರೆದದ್ದು ನೆನಪಾಗಿ, ಕೆಂಪರಾಜು ಇಬ್ಬರನ್ನೂ ಕುರಿರೊಪ್ಪದ ಬಳಿಗೆ ಕರೆತಂದ. ಭಾಷಣದ ಹುರುಪಿನಲ್ಲಿ ರೊಪ್ಪದ ಬಾಗಿಲಿಗೆ ಒರಗಿದ. ಬಾಗಿಲು ತೆರೆದುಕೊಂಡಿತು. ಕುರಿಪಿಕ್ಕೆಯ ಮೇಲೆ ಅಂಗಾತ ಬಿದ್ದ ಮೇಷ್ಟ್ರನ್ನು ತುಳಿದುಕೊಂಡೇ ಕುರಿಗಳೆಲ್ಲ ಹಿಪ್ಪುನೇರಳೆ ತೋಟಕ್ಕೆ ನುಗ್ಗಿದವು.

"ಯಾವನ್ಲಾ ಇವ್ನು! ನಮ್ಮಣ್ಣನ್ ಕುರಿ ಬುಟ್ಬುಟ್ಟ!" ಎಂದು ಚಿಕ್ಕರಾಜು ಕೂಗಿದ.

"ನನ್ ತಮ್ಮನ್ ಸೊಪ್ಪೆಲ್ಲಾ ಹಾಳ್ ಮಾಡ್ಬುಟ್ಟ ಕಣ್ಲಾ!" ಎಂದು ಪುಟ್ಟಲಿಂಗಯ್ಯ ಬಾಯಿ ಬಡಿದುಕೊಂಡ.

ಅಣ್ಣತಮ್ಮ ಸೇರಿ ಕುರಿ ಅಟ್ಟಿದರು, ಸೇರಿಯೇ ಕೆಂಪರಾಜುವಿನ ವಂಶವನ್ನೆಲ್ಲ ಬೈದರು. ಬೈದು ಸುಸ್ತಾಗಿ ಒಂದೇ ಚೊಂಬಿನ ನೀರು ಕುಡಿಯುವಾಗ ಪುಟ್ಟಲಿಂಗಯ್ಯನ ಕಣ್ಣು ತುಂಬಿತು.

"ಓಗ್ಲಿ ಬುಡ್ಲಾ. ಹೆಣ್ಮಕ್ಳು ಜೊತೇಲೇ ಓದ್ಕಳ್ಲಿ" ಎಂದ. ಅಪ್ಪಂದಿರು ಮನಸ್ಸು ಬದಲಾಯಿಸುವ ಮೊದಲೇ ಹುಡುಗಿಯರು ಅಂಕಪಟ್ಟಿ ಹಿಡಿದು ಬಸ್ಸಿಗೆ ಓಡಿದರು. ಅಪ್ಪಂದಿರೂ ಮೇಷ್ಟ್ರೂ ಹಿಂದೆಯೇ ಹತ್ತಿದರು.

ಲತಾಮಣಿ ಎರಡು ಹೆಸರನ್ನೂ ಕಂಪ್ಯೂಟರಿಗೆ ಹಾಕಿಸಿದಾಗ ಕೆಂಪರಾಜುವಿಗೆ ಅಳುವಷ್ಟು ಸಂತೋಷವಾಯಿತು. ಸ್ವಲ್ಪ ಹೊತ್ತಿಗೆ ಅವರಿಗೊಂದು ಫೋನು ಬಂತು. ಮಾತಾಡಿ ಇಟ್ಟವರು ಇವನ ಮುಖ ನೋಡಲಿಲ್ಲ.

"ಇವತ್ತು ಬೆಂಗ್ಳೂರಲ್ಲಿ ಖಾಯಂ ಉಪನ್ಯಾಸಕರ ವರ್ಗಾವಣೆ ನಡೀತಿದೆ. ಮುಚ್ಚೋ ವಿಭಾಗ ಅಂತ ಇಲ್ಲಿಗೆ ಯಾರೂ ಬರ್ತಿರ್ಲಿಲ್ಲ. ಈಗ ಉಳೀತು ಅಂತ ಕಂಪ್ಯೂಟರಲ್ಲಿ ನೋಡಿ ಒಬ್ರು ಇದನ್ನೇ ಆರಿಸ್ಕೊಂಡ್ರಂತೆ. ನಾಳೆಯಿಂದ ನೀವು ಬರೋದು ಬೇಡ ಕೆಂಪರಾಜು."

ಹೊರಗೆ ಪುಟ್ಟಲಿಂಗಯ್ಯ ಅವನ ಕೈ ಹಿಡಿದುಕೊಂಡ. "ಬೈದಿದ್ದ ಮನ್ಸಿಗೆ ಹಾಕ್ಕಬ್ಯಾಡಿ ಮೇಷ್ಟ್ರೇ. ನಿಮ್ ಮುಖ ನೋಡಿ ಸೇರ್ಸಿದೀವಿ. ನೀವು ಇಲ್ದೋದ್ರೆ ನಾವು ಮಕ್ಳ ಕಳ್ಸಾಕಿಲ್ಲ. ನಾಳೀಕೆ ಇರ್ತೀರಿ ತಾನೆ?"

ನಯನ, ರಮ್ಯ ಇಬ್ಬರೂ ಉಸಿರು ಬಿಗಿಹಿಡಿದು ಅವನನ್ನೇ ನೋಡುತ್ತಿದ್ದರು.

"ಇರ್ತೀನಿ" ಎಂದ ಕೆಂಪರಾಜು.