ಮಾವನ ಮೀನು, ಅತ್ತೆಯ ಕಣ್ಣು

ಕಂಪ್ಲಿಯಲ್ಲಿ ಸಮುದ್ರವಿತ್ತು! ನಗಬೇಡಿ. ನಮ್ಮ ಸೋದರಮಾವ ಅದನ್ನು ನಡುಮನೆಯಲ್ಲಿ, ಅತ್ತೆಯ ಮಂಚದ ಪಕ್ಕದಲ್ಲೇ, ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಕೂಡಿಹಾಕಿದ್ದರು. ಅಕ್ಕಿ ಗಿರಣಿ ನಡೆಸುವ ಮನುಷ್ಯ ಭತ್ತ ಬಿಟ್ಟು ಉಪ್ಪುನೀರು ಅಳೆಯುತ್ತ ಕೂತರೆ ಊರು ಏನನ್ನಬೇಕು? ಹುಚ್ಚು ಅಂದಿತು. ನಾನೂ ಅಂದೆ.

ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಕಣ್ಣುಗಳು ಮಾತ್ರ ಇಡೀ ದಿನ ಮೇಲಿನ ತೊಲೆಯನ್ನೇ ನೋಡುತ್ತಿದ್ದವು. "ಆ ಕಣ್ಣು ಒಮ್ಮೆರ ಈ ಕಡಿ ಹೊಳ್ಳಬೇಕಲೇ," ಅಂದರು ಮಾವ. ಅದಕ್ಕೇ ಮೀನು. ಸಾದಾ ಮೀನಲ್ಲ, ಕಡಲಿನ ಏಂಜಲ್ ಮೀನು. ನೀಲಿ ಮೈ, ಹಳದಿ ಪಟ್ಟೆ.

ಹೊಸಪೇಟೆಯ ಅಂಗಡಿಯವನು ಮೊದಲೇ ಎಚ್ಚರಿಸಿದ. "ಭಾಳ ನಾಜೂಕ್ ಜಾತಿರಿ ಇದು. ತಿನ್ನೋದು ಬಿಡ್ತು ಅಂದ್ರ ಮುಗೀತು."

"ಹಂಗಾದ್ರ ನನ್ನ ಮುಂದ ತಿಂದು ತೋರಿಸ್ಲಿ," ಎಂದು ಮಾವ ಸ್ಟೂಲು ಎಳೆದು ಕೂತರು. ಥೇಟ್ ಹೆಣ್ಣು ನೋಡುವ ಶಾಸ್ತ್ರ! ಒಂದರ ಹೊಟ್ಟೆ ಒಳಗೆ ಹೋಗಿತ್ತು, ಬ್ಯಾಡ. ಇನ್ನೊಂದಕ್ಕೆ ಏದುಸಿರು, ಬ್ಯಾಡ. ಮೂರನೆಯದು ಮೂಲೆ ಹಿಡಿದಿತ್ತು. "ಇದು ನಮ್ಮ ಬೀಗರಂಗ ಮಾರಿ ತಿರುಗಿಸ್ತದ, ಬ್ಯಾಡೇ ಬ್ಯಾಡ." ನಾಲ್ಕನೆಯದು ಹಾಕಿದ್ದನ್ನು ಗಬಕ್ಕನೆ ನುಂಗಿ ಇನ್ನೂ ಬೇಕು ಅಂತ ಗಾಜಿಗೆ ಬಂತು. ಮಾವ ಒಪ್ಪಿದರು.

ಆದರೆ ಅದು ನುಂಗಿದ್ದು ಸೀಗಡಿ! ತತ್ತಿಯೂ ಹೊಸ್ತಿಲು ದಾಟದ ಲಿಂಗವಂತರ ಮನೆ ನಮ್ಮದು. ಮಾವ ಪಾಲಕ್ ಕೊಟ್ಟರು, ಮಂಡಕ್ಕಿ ನೆನೆಸಿ ಕೊಟ್ಟರು. ಮೀನು ಮೂಸಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು ಸೀಗಡಿ ಹೆಚ್ಚಿದರು, ಹೆಚ್ಚಿದಾಗಲೆಲ್ಲ ತಲೆಗೆ ಸ್ನಾನ ಮಾಡಿದರು. ಎಮ್ಮಿಗನೂರಿನಿಂದ ಬಂದ ಅತ್ತೆಯ ಅಕ್ಕ ಫ್ರಿಜ್ ತೆಗೆದವರೇ ಕಿರುಚಿದರು.

"ಕೊಳ್ಳಾಗ ಲಿಂಗ, ಫ್ರಿಜ್ಜಿನಾಗ ಸೀಗಡಿ! ಈ ಮನ್ಯಾಗ ನಾನು ನೀರು ಕುಡಿಯಂಗಿಲ್ಲ!"

"ಬ್ಯಾಡಾದ್ರ ಬಿಡ್ರಿ ಅಕ್ಕಾರ. ಚಾ ಕುಡೀರಿ."

ಮೂರನೇ ದಿನ ಅತ್ತೆಯ ಕಣ್ಣು ತೊಲೆಯಿಂದ ಇಳಿದು ಮೀನಿನ ಹಿಂದೆ ಹೊರಟಿತು. ಮಾವ ಗಿರಣಿಯವರಿಗೆಲ್ಲ ಪೇಡೆ ಹಂಚಿದರು.

ಎಷ್ಟು ದಿನ? ಮಳೆಗಾಲದಲ್ಲಿ ಮೀನಿನ ಮೈಮೇಲೆ ಬಿಳಿ ಚುಕ್ಕೆ ಎದ್ದವು. ಅಂಗಡಿಯವನ ಔಷಧಿ ನಾಟಲಿಲ್ಲ, ಮೀನು ತಿನ್ನೋದೂ ಬಿಟ್ಟಿತು, ಸೀಗಡಿ ನೀರಲ್ಲೇ ಕೊಳೆಯಿತು. ಒಂದು ಬೆಳಿಗ್ಗೆ ಮಾವ ದಿನದಂತೆ ಅತ್ತೆಯ ಹಣೆಗೆ ವಿಭೂತಿ ಹಚ್ಚಿದವರು, ಉಳಿದ ಗಟ್ಟಿಯನ್ನೂ ಪುಡಿ ಮಾಡಿ ತೊಟ್ಟಿಗೆ ಸುರಿದುಬಿಟ್ಟರು! ಮಠದಿಂದ ತಂದ ವಿಭೂತಿ, ಹೆಂಡತಿಯನ್ನು ಉಳಿಸಿದ್ದು ಮೀನನ್ನು ಉಳಿಸದೇ? ನೀರು ಹಾಲಿನಂತಾಯಿತು. ಅದು ತಿಳಿಯಾಗುವಷ್ಟರಲ್ಲಿ ಮೀನು ಮಗ್ಗುಲಾಗಿ ತೇಲುತ್ತಿತ್ತು.

ಮಾವ ತೊಟ್ಟಿಗೆ ಬೆನ್ನು ಕೊಟ್ಟು, ತೋಳು ಚಾಚಿ, ಅತ್ತೆಗೆ ಕಾಣದಂತೆ ನಿಂತುಬಿಟ್ಟರು. "ಮಲಗ್ಯಾದ... ಈಗ ಏಳ್ತದ ನೋಡು," ಅಂದರು. ಇಷ್ಟು ದಿನ ಅವರನ್ನು ಆಡಿಕೊಂಡು ನಕ್ಕ ನನಗೆ ನಾಚಿಕೆಯಾಯಿತು. ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡೆ.

ಅತ್ತೆ ತೊಟ್ಟಿಯ ಕಡೆ ನೋಡಲೇ ಇಲ್ಲ. ಮಾವನ ಬೂದಿಗೈ ನೋಡಿದರು. ಎಡಗೈಯನ್ನು ಹಾಸಿಗೆಯ ಮೇಲೆ ತೆವಳಿಸಿಕೊಂಡು ಬಂದು ಆ ಕೈ ಹಿಡಿದರು. ಆಮೇಲೆ ಸೀರೆಯ ಸೆರಗಿನಿಂದ ಒಂದೊಂದೇ ಬೆರಳು ಒರೆಸತೊಡಗಿದರು.